ನನ್ನ ಹುಕ್ ರಿಪೇರಿ ಮಾಡಿದ ಎರಡೂವರೆ ತಿಂಗಳು

ಉದ್ದನೆಯ ಲೇನ್ ಮೇಲೆ ಚೆಂಡು ಉರುಳಿಸಿ ಹತ್ತು ಪಿನ್ ಬೀಳಿಸುವ ಟೆನ್‌ಪಿನ್ ಬೌಲಿಂಗ್ ನನ್ನ ಆಟ. ಲೇನ್‌ನಿಂದ ವಾಪಸ್ ಬಂದ ಚೆಂಡನ್ನು ಒರೆಸುವ ಮೊದಲು ದೀಪದ ಕೆಳಗೆ ಒಮ್ಮೆ ತಿರುಗಿಸಿ ನೋಡಿ. ಅದರ ಮೇಲೆ, ಲೇನ್‌ಗೆ ಹಾಕಿರುವ ಎಣ್ಣೆಯ ತೆಳು ಉಂಗುರಗಳು ಕಾಣುತ್ತವೆ. ಚೆಂಡಿನ ಯಾವ ಭಾಗ ನೆಲಕ್ಕೆ ತಾಗಿಕೊಂಡು ಹೋಯಿತು ಅಂತ ಆ ಉಂಗುರ ಹೇಳುತ್ತದೆ. ಜನವರಿಯಲ್ಲಿ ನನ್ನ ಚೆಂಡಿನ ಉಂಗುರ ಹೆಬ್ಬೆರಳಿನ ತೂತಿನಿಂದ ನಾಲ್ಕು ಇಂಚು ದೂರ ಇತ್ತು. ಸಾರಿನ ಬಟ್ಟಲಿನ ಬಾಯಿಯಷ್ಟು ಅಗಲ, ಅಷ್ಟೇ. ಅಂದರೆ ಚೆಂಡು ಸರಿಯಾಗಿ ಉರುಳುತ್ತಲೇ ಇರಲಿಲ್ಲ. ಬುಗುರಿ ಹಾಗೆ ತನ್ನಷ್ಟಕ್ಕೆ ಸುತ್ತುತ್ತಾ, ಜಾರಿಕೊಂಡು ಹೋಗುತ್ತಿತ್ತು. ಎಷ್ಟು ಜೋರಾಗಿ ಸುತ್ತಿದರೂ ನೆಲವನ್ನು ಹಿಡಿಯುತ್ತಿರಲಿಲ್ಲ.

ಅದನ್ನು ಸರಿ ಮಾಡಲು ಏನೇನು ಮಾಡಿದೆ, ಎಲ್ಲಿ ತಪ್ಪಿದೆ ಅಂತ ಇಲ್ಲಿ ಬರೆದಿಡುತ್ತಿದ್ದೇನೆ. ನಾನು ಬಲಗೈಯಲ್ಲಿ ಆಡುವವನು. ಎಡಗೈಯವರು ಎಡ-ಬಲ ಅದಲುಬದಲು ಮಾಡಿಕೊಂಡು ಓದಿ.

ಮೊದಲು, ಹುಕ್, ಅಂದರೆ ಚೆಂಡು ಕೊನೆಯಲ್ಲಿ ಒಳಕ್ಕೆ ತಿರುಗುವುದು, ಯಾಕೆ ಬೇಕು? ಎಸೆಯುವಾಗ ದಾಟಬಾರದ ಫೌಲ್ ಗೆರೆಯಿಂದ, ಎಲ್ಲಕ್ಕಿಂತ ಮುಂದೆ ನಿಂತ 1ನೇ ಪಿನ್‌ವರೆಗೆ 60 ಅಡಿ. ಲೇನ್ ಅಗಲಕ್ಕೆ 39 ಪಟ್ಟಿಗಳು. ಸ್ಟ್ರೈಕ್, ಅಂದರೆ ಮೊದಲ ಎಸೆತಕ್ಕೇ ಹತ್ತೂ ಪಿನ್, ಬೀಳಬೇಕಾದರೆ ಚೆಂಡು 1 ಮತ್ತು 3ನೇ ಪಿನ್ ನಡುವಿನ ಸಂದಿಗೆ ಹೋಗಬೇಕು, ಅದೂ ಓರೆಯಾಗಿ. ಸುಮಾರು 6 ಡಿಗ್ರಿ ಕೋನದಲ್ಲಿ ಹೊಕ್ಕರೆ ತುಂಬಾ ಒಳ್ಳೆಯದು ಅಂತಾರೆ. ಲೇನ್‌ನ ತೀರಾ ಅಂಚಿನಿಂದ ನೇರವಾಗಿ ಎಸೆದರೂ ಅಷ್ಟು ಓರೆ ಸಿಗುವುದಿಲ್ಲ, ಲೇನ್ ಅಷ್ಟು ಕಿರಿದು. ಹಾಗಾಗಿ ಚೆಂಡು ಮೊದಲು ಹೊರಗೆ ಹೋಗಿ ಕೊನೆಯಲ್ಲಿ ಒಳಗೆ ತಿರುಗಬೇಕು. ನೇರ ಚೆಂಡು ಸಂದಿಗೆ ಸರಿಯಾಗಿ ಹೊಡೆದರೂ ಪಿನ್‌ಗಳಿಗೆ ತಾಗಿ ಬಲಕ್ಕೆ ಸರಿದುಬಿಡುತ್ತದೆ. ಮೂಲೆಯ 10ನೇ ಪಿನ್ ನಿಂತೇ ಇರುತ್ತದೆ. ನನಗೆ ಆಟಕ್ಕೆ ನಾಲ್ಕೈದು ಸಲ ಹಾಗೆ ಆಗುತ್ತಿತ್ತು. ಹೊಟ್ಟೆ ಉರಿಯುತ್ತಿತ್ತು.

ನನ್ನ ಚೆಂಡು 14 ಪೌಂಡ್‌ದು, ಅಂದರೆ 6 ಕಿಲೋ 350 ಗ್ರಾಂ. ಮೇಲ್ಮೈ ರಿಯಾಕ್ಟಿವ್ ರೆಸಿನ್. ಬೌಲಿಂಗ್ ಸೆಂಟರ್‌ನಲ್ಲಿ ಎಲ್ಲರಿಗೂ ಇಟ್ಟಿರುವ ಚೆಂಡುಗಳು ಪಾಲಿಯೆಸ್ಟರ್‌ನವು, ಅವು ಎಣ್ಣೆಯ ಮೇಲೆ ಸುಮ್ನೆ ಜಾರುತ್ತವೆ. ರೆಸಿನ್ ಚೆಂಡು ಎಣ್ಣೆ ಮುಗಿದ ಕೂಡಲೇ ನೆಲವನ್ನು ಕಚ್ಚಿಕೊಳ್ಳುತ್ತದೆ. ಅಷ್ಟು ಒಳ್ಳೆಯ ಚೆಂಡು ಕೈಯಲ್ಲಿದ್ದರೂ ಹುಕ್ ಬರುತ್ತಿಲ್ಲ ಅಂದರೆ ದೋಷ ಬಿಡುಗಡೆಯಲ್ಲೇ, ಅಂದರೆ ಕೈ ಚೆಂಡನ್ನು ಬಿಡುವ ರೀತಿಯಲ್ಲೇ ಇರಬೇಕು, ಅಲ್ವಾ?

ಮೊದಲ ಕೆಲಸ: ನೋಡುವುದು

ಜಯನಗರದಿಂದ ಹಸಿರು ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ನೇರಳೆಗೆ ಬದಲಿಸಿ, ಎಂ.ಜಿ. ರೋಡ್‌ನಲ್ಲಿ ಇಳಿಯುತ್ತೇನೆ. ಮಂಗಳವಾರ ಬೆಳಿಗ್ಗೆ ಜನ ಕಡಿಮೆ, ಲೇನ್‌ಗೆ ಆಗಷ್ಟೇ ಎಣ್ಣೆ ಹಾಕಿರುತ್ತಾರೆ. ಮೆಟ್ರೋದ ಸ್ಕ್ಯಾನರ್‌ನಲ್ಲಿ ನನ್ನ ಚೀಲ ದುಂಡನೆಯ ಕಪ್ಪು ಗುಂಡಾಗಿ ಕಾಣುತ್ತದಂತೆ. ಮೊದಮೊದಲು ಪ್ರತಿಸಲ ಬಿಚ್ಚಿ ತೋರಿಸುತ್ತಿದ್ದೆ. ಈಗ ಅಲ್ಲಿರುವವರೇ "ಇವತ್ತು ಎಷ್ಟು ಸ್ಟ್ರೈಕ್ ಸರ್?" ಅಂತ ಕೇಳುತ್ತಾರೆ.

ಜನವರಿ ಎರಡನೇ ವಾರ ಅಕ್ಕನ ಮಗನನ್ನು ಜೊತೆಗೆ ಕರೆದುಕೊಂಡು ಹೋದೆ. ಅವನ ಫೋನ್‌ನಲ್ಲಿ ಸೆಕೆಂಡಿಗೆ 240 ಫ್ರೇಮ್ ಹಿಡಿಯುವ ಸ್ಲೋ ಮೋಷನ್ ಇದೆ. ಚೆಂಡಿನ ಮೇಲೆ, ನೆಲಕ್ಕೆ ತಾಗದ ಜಾಗದಲ್ಲಿ, ಬಿಳಿ ಇನ್ಸುಲೇಷನ್ ಟೇಪಿನ ಒಂದು ತುಂಡು ಅಂಟಿಸಿದೆ. ಸ್ಪರ್ಧೆಯಲ್ಲಿ ಚೆಂಡಿನ ಮೇಲೆ ಹೀಗೆ ಏನನ್ನೂ ಅಂಟಿಸುವ ಹಾಗಿಲ್ಲ, ಅಭ್ಯಾಸಕ್ಕೆ ಮಾತ್ರ. ಆಮೇಲೆ ಆ ತುಂಡು ಒಂದು ಪೂರ್ತಿ ಸುತ್ತು ಬರಲು ಎಷ್ಟು ಫ್ರೇಮ್ ಹಿಡಿಯಿತು ಅಂತ ಎಣಿಸಿದೆವು. ಒಂದು ನಿಮಿಷದ 14,400 ಫ್ರೇಮನ್ನು ಆ ಸಂಖ್ಯೆಯಿಂದ ಭಾಗಿಸಿದರೆ ನಿಮಿಷಕ್ಕೆ ಎಷ್ಟು ಸುತ್ತು ಅಂತ ಸಿಗುತ್ತದೆ. ಒಂದು ಸುತ್ತಿಗೆ 108 ಫ್ರೇಮ್ ಬಂತು. ಅಂದರೆ ನಿಮಿಷಕ್ಕೆ 133. ಫೌಲ್ ಗೆರೆಯಿಂದ ಪಿನ್‌ಗೆ 2.2 ಸೆಕೆಂಡ್, ಗಂಟೆಗೆ ಹತ್ತಿರ ಹತ್ತಿರ 30 ಕಿ.ಮೀ. ಇಷ್ಟು ವೇಗಕ್ಕೆ ಇಷ್ಟು ಕಡಿಮೆ ಸುತ್ತು ಸಾಲದು. ದಾರಿಯುದ್ದಕ್ಕೂ ಐದು ಸುತ್ತೂ ಪೂರ್ತಿ ಬರುವುದಿಲ್ಲ.

ಆದರೆ ನಿಜವಾದ ವಿಷಯ ಹೊರಬಂದದ್ದು ಅವನು ವಿಡಿಯೋವನ್ನು ಒಂದೊಂದೇ ಫ್ರೇಮ್ ಮುಂದೆ ತಳ್ಳಿದಾಗ.

"ಮಾವ, ಇಲ್ಲಿ ನೋಡಿ. ನಿಮ್ಮ ಎರಡು ಬೆರಳು ಆಚೆ ಬಂದಾಯ್ತು. ಹೆಬ್ಬೆರಳು ಇನ್ನೂ ಒಳಗೇ ಇದೆ."

ನಿಜ. ಹುಕ್‌ನ ಬಿಡುಗಡೆಯಲ್ಲಿ ಕ್ರಮ ಇದಕ್ಕೆ ಉಲ್ಟಾ ಇರಬೇಕು. ಚೆಂಡು ಎಡಗಾಲ ಹರಡಿನ ಪಕ್ಕಕ್ಕೆ ಬಂದಾಗ ಹೆಬ್ಬೆರಳು ಮೊದಲು ಜಾರಿ ಹೊರಬರಬೇಕು. ಆ ಒಂದು ಗಳಿಗೆ ಚೆಂಡಿನ ಭಾರ ಪೂರ್ತಿ ನಡುಬೆರಳು, ಉಂಗುರಬೆರಳಿನ ಮೇಲೆ ಇರುತ್ತದೆ. ಆ ಬೆರಳುಗಳು ಚೆಂಡಿನ ಹಿಂದಿನಿಂದ ಪಕ್ಕಕ್ಕೆ ಮೇಲಕ್ಕೆ ಎಳೆದುಕೊಂಡು ಹೊರಬರುತ್ತವೆ. ಸುತ್ತು ಹುಟ್ಟುವುದು ಅಲ್ಲಿ. ಹೆಬ್ಬೆರಳು ಒಳಗೇ ಉಳಿದರೆ ಬೆರಳಿಗೆ ಮಾಡಲು ಕೆಲಸವೇ ಇರುವುದಿಲ್ಲ.

ನಾನು ಆ ಕೊರತೆಯನ್ನು ಮಣಿಕಟ್ಟಿನಿಂದ ತುಂಬಿಸಲು ನೋಡುತ್ತಿದ್ದೆ. ಚಿಕ್ಕಂದಿನಿಂದ ಟೆನಿಸ್ ಬಾಲ್ ಕ್ರಿಕೆಟ್‌ನಲ್ಲಿ ಲೆಗ್ ಸ್ಪಿನ್ ಹಾಕಿದ ಕೈ ಇದು. ಚಂದ್ರಶೇಖರ್, ಕುಂಬ್ಳೆ ಅವರನ್ನು ನೋಡಿಕೊಂಡು ಬೆಳೆದ ಊರಿನಲ್ಲಿ ಇದೇನು ಹೊಸದಲ್ಲ. ಚೆಂಡು ತಿರುಗಬೇಕು ಅಂದರೆ ಕೈ ತಾನಾಗಿ ಮಣಿಕಟ್ಟನ್ನು ತಿರುವುತ್ತದೆ. ಆದರೆ ಕ್ರಿಕೆಟ್ ಚೆಂಡು ಸುಮಾರು 160 ಗ್ರಾಂ. ಇದು ಅದರ 40 ಪಟ್ಟು. ತಿರುವಿದಾಗ ಕೈ ಚೆಂಡಿನ ಪಕ್ಕದಿಂದ ಮೇಲಕ್ಕೆ ಹತ್ತಿಬಿಡುತ್ತದೆ. ಬಾಗಿಲ ಹಿಡಿ ತಿರುಗಿಸಿದ ಹಾಗೆ. ಬುಗುರಿ ಥರ ಸುತ್ತಲು ಕಾರಣ ಅದು. ಮೊಣಕೈ ಒಳಮಗ್ಗುಲಲ್ಲಿ ಎರಡು ತಿಂಗಳಿಂದ ಇದ್ದ ನೋವಿಗೂ ಅದೇ ಕಾರಣ ಇರಬೇಕು. ಅಭ್ಯಾಸ ಬದಲಾದ ಮೇಲೆ ನೋವು ಹೋಯಿತು.

ಎರಡನೇ ಕೆಲಸ: ತೂತು

ಹೆಬ್ಬೆರಳು ಯಾಕೆ ತಡವಾಗುತ್ತಿದೆ? ಇದಕ್ಕೆ ನಾನು ಒಂದು ವಾರ ಕೈಯನ್ನೇ ಬೈದುಕೊಂಡೆ. ಆಮೇಲೆ ಬೆರಳನ್ನು ನೋಡಿಕೊಂಡೆ. ಹೆಬ್ಬೆರಳ ಬುಡದಲ್ಲಿ, ಅಂಗೈ ಕಡೆಯ ಗೆಣ್ಣಿನ ಮೇಲೆ ಅರ್ಧ ಚಂದ್ರದ ಹಾಗೆ ಕೆಂಪು ಗೆರೆ. ಮೂರನೇ ಆಟದ ಹೊತ್ತಿಗೆ ಚರ್ಮ ಕಿತ್ತು ಬರುತ್ತಿತ್ತು.

ತೂತು ಕೊರೆಸಲು ಅಳತೆ ಕೊಟ್ಟ ದಿನ ನೆನಪಾಯಿತು. ಚಳಿಗಾಲದ ಬೆಳಿಗ್ಗೆ, ಬೈಕಿನಲ್ಲಿ ಕೈಗವಸು ಇಲ್ಲದೆ ಹೋಗಿ, ನೇರ ಅಳತೆ ಕೊಟ್ಟಿದ್ದೆ. ಚಳಿಗೆ ಬೆರಳು ಸಣ್ಣಗಾಗಿರುತ್ತದೆ. ಆಡುತ್ತಾ ಹೋದ ಹಾಗೆ ಊದುತ್ತದೆ. ಅಳತೆ ಕೊಡುವುದಾದರೆ ಒಂದು ಆಟ ಆಡಿ, ಕೈ ಬಿಸಿಯಾದ ಮೇಲೆ ಕೊಡಬೇಕು. ಇದನ್ನು ಯಾರಾದರೂ ಮೊದಲೇ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸಿತು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ತೂತು ಹಿಗ್ಗಿಸುವುದು ಮನೆಯಲ್ಲೇ ಆಗುವ ಕೆಲಸ. ಬೆರಳಿಗಿಂತ ಸಣ್ಣದಾದ ದುಂಡನೆಯ ಮರದ ಕೋಲಿಗೆ 150 ನಂಬರಿನ ಎಮರಿ ಪೇಪರ್ ಸುತ್ತಿಕೊಂಡೆ. ಹಳೆಯ ಪಂಚೆಯನ್ನು ಸಿಂಬೆ ಮಾಡಿ ಅದರ ಮೇಲೆ ಚೆಂಡು ಇಟ್ಟೆ. ಮೊದಲು ಎಲ್ಲಿ ಬಿಗಿ ಇದೆ ಅಂತ ಹುಡುಕಬೇಕು. ಬಳಪದ ಪುಡಿಯನ್ನು ತೂತಿನ ಒಳಗೋಡೆಗೆ ತೆಳ್ಳಗೆ ಸವರಿ, ಹೆಬ್ಬೆರಳನ್ನು ನೇರ ಹಾಕಿ ನೇರ ತೆಗೆದೆ. ಬೆರಳಿನ ಮೇಲೆ ಎಲ್ಲಿ ದಟ್ಟ ಬಿಳಿ ಹತ್ತಿತೋ ಅಲ್ಲಿ ಒತ್ತುತ್ತಿದೆ. ನನ್ನದರಲ್ಲಿ ಬಾಯಿಯ ಅಂಚಿನ ಅಂಗೈ ಕಡೆ ಚೂಪಾಗಿತ್ತು, ಒಳಗೆ ಗೆಣ್ಣು ಕೂರುವ ಜಾಗದಲ್ಲಿ ಬಿಗಿ ಇತ್ತು. ಅಂಚನ್ನು ದುಂಡಗೆ ಮಾಡಿದೆ, ಒಳಗೆ ಹತ್ತು ಸಲ ತಿಕ್ಕುವುದು, ಒರೆಸುವುದು, ಬೆರಳು ಹಾಕಿ ನೋಡುವುದು. ಮತ್ತೆ ಹತ್ತು ಸಲ. ಕೊನೆಗೆ 400 ನಂಬರಿನ ಪೇಪರಿನಿಂದ ನುಣುಪು ಮಾಡಿದೆ. ಈ ಪುಡಿ ಮೂಗಿಗೆ ಹೋಗಬಾರದು, ಮಾಸ್ಕ್ ಹಾಕಿಕೊಳ್ಳಿ.

ಮುಂದಿನ ಮಂಗಳವಾರ ಏನೂ ಬದಲಿಸದೆ, ಹಳೆಯ ರೀತಿಯಲ್ಲೇ ಎಸೆದು ನೋಡಿದೆ. 92 ಫ್ರೇಮ್. ನಿಮಿಷಕ್ಕೆ 156. ತೂತು ಸರಿಯಾದದ್ದಕ್ಕೇ 23 ಸುತ್ತು ಹೆಚ್ಚಾಯಿತು! ನನಗೆ ಅಂದು ಆದ ಖುಷಿ ಯಾವ ಸ್ಕೋರ್‌ಗೂ ಆಗಿರಲಿಲ್ಲ.

ಆ ಖುಷಿಯಲ್ಲೇ ತಪ್ಪು ಮಾಡಿದೆ. ಇಷ್ಟಕ್ಕೇ ಇಷ್ಟು ಬಂತಲ್ಲ, ಇನ್ನೂ ಸ್ವಲ್ಪ ಹಿಗ್ಗಿಸಿದರೆ ಇನ್ನೂ ಬೇಗ ಬೆರಳು ಬರುತ್ತದೆ ಅಂತ ಮತ್ತೆ ತಿಕ್ಕಿದೆ. ಅದರ ಮುಂದಿನ ವಾರ ಕೈ ಹಿಂದಕ್ಕೆ ಹೋದಾಗ ಚೆಂಡು ಜಾರಿ ಹಿಂದೆ ಬಿತ್ತು. ಧಡ್ ಅಂತ ಶಬ್ದ. ಪುಣ್ಯಕ್ಕೆ ಹಿಂದೆ ಯಾರೂ ಇರಲಿಲ್ಲ. ಕೈಕಾಲು ನಡುಗಿತು, ಆ ದಿನ ಆಡಲಿಲ್ಲ.

ಆದರೆ ಆ ದಿನದ ವಿಡಿಯೋದಲ್ಲಿ ಒಂದು ವಿಚಿತ್ರ ಕಂಡಿತು. ಚೆಂಡು ಬೀಳುವ ಮೊದಲಿನ ಎಸೆತಗಳಲ್ಲಿ ಹೆಬ್ಬೆರಳು ಮತ್ತೆ ತಡವಾಗಿತ್ತು. ತೂತು ಸಡಿಲವಾದಾಗ ಕೈ ಹೆದರುತ್ತದೆ. ನಮಗೆ ಗೊತ್ತಿಲ್ಲದೆ ಹೆಬ್ಬೆರಳಿನ ಗೆಣ್ಣು ಮಡಚಿಕೊಂಡು ಚೆಂಡನ್ನು ಹಿಂಡಿ ಹಿಡಿಯುತ್ತದೆ. ಹಿಂಡಿ ಹಿಡಿದದ್ದು ಸಲೀಸಾಗಿ ಬರುವುದಿಲ್ಲ. ಬಿಗಿ ತೂತು, ಸಡಿಲ ತೂತು, ಎರಡರ ಫಲವೂ ಒಂದೇ. ನನಗೆ ಈ ಎರಡೂವರೆ ತಿಂಗಳಲ್ಲಿ ಸಿಕ್ಕ ದೊಡ್ಡ ಪಾಠ ಇದು. ಹುಕ್ ಬರುತ್ತಿಲ್ಲ ಅನ್ನುವವರು ಕೈಯನ್ನು ತಿದ್ದುವ ಮೊದಲು ತೂತನ್ನು ನೋಡಬೇಕು.

ಹೆಚ್ಚು ತೆಗೆದಿದ್ದನ್ನು ತುಂಬಲು ಬೌಲರ್‌ಗಳ ಟೇಪ್ ಸಿಗುತ್ತದೆ. ಒಂದು ಕಡೆ ದುಂಡಗೆ ಕತ್ತರಿಸಿದ ಪುಟ್ಟ ತುಂಡುಗಳು. ನುಣುಪಾದ ತುಂಡನ್ನು ಉಗುರಿನ ಕಡೆಯ ಗೋಡೆಗೆ ಅಂಟಿಸಿದೆ, ಒಂದರ ಮೇಲೊಂದು ಮೂರು. ಈಗ ಬೆಳಿಗ್ಗೆ ಮೂರು ತುಂಡಿನಿಂದ ಶುರು, ಬೆರಳು ಊದಿದ ಹಾಗೆ ಒಂದೊಂದೇ ಕಿತ್ತು ತೆಗೆಯುತ್ತೇನೆ. ಮೂರನೇ ಆಟಕ್ಕೆ ಒಂದೇ ಉಳಿದಿರುತ್ತದೆ. ಪರೀಕ್ಷೆ ಸುಲಭ. ಬೆರಳು ನೆಟ್ಟಗಿಟ್ಟು, ಹಿಂಡದೆ ಚೆಂಡನ್ನು ತೂಗುಬಿಟ್ಟಾಗ ಕೈಯಲ್ಲಿ ನಿಲ್ಲಬೇಕು. ನೇರ ಎಳೆದರೆ ಬೆರಳು ಗೋಡೆ ಸವರಿಕೊಂಡು ಸದ್ದಿಲ್ಲದೆ ಬರಬೇಕು.

ಮೂರನೇ ಕೆಲಸ: ಕೈ

ಸೆಂಟರ್‌ಗೆ ಬೆಳಿಗ್ಗೆ ಹೊತ್ತು ಬರುವ ಹಿರಿಯರೊಬ್ಬರಿದ್ದಾರೆ. ವಯಸ್ಸು ಎಪ್ಪತ್ತರ ಮೇಲೆ, 12 ಪೌಂಡ್ ಚೆಂಡು, ಅವಸರವೇ ಇಲ್ಲದ ನಡಿಗೆ. ಅವರ ಚೆಂಡು ಕೊನೆಯ 20 ಅಡಿಯಲ್ಲಿ ತಿರುಗುವುದನ್ನು ನೋಡುತ್ತಾ ನಿಂತರೆ ನನ್ನ ಸರದಿ ಮರೆತುಹೋಗುತ್ತದೆ. ಒಂದು ದಿನ ಧೈರ್ಯ ಮಾಡಿ ಕೇಳಿದೆ.

"ಸರ್, ನೀವು ಎಲ್ಲಿ ತಿರುಗಿಸ್ತೀರಿ?"

"ನಾನೆಲ್ಲಿ ತಿರುಗಿಸ್ತೀನಪ್ಪಾ? ತೀರ್ಥ ತಗೊಳ್ಳೋ ಹಾಗೆ ಕೈ ಇಟ್ಕೋ. ಕೊನೇಲಿ ಕೈ ಕುಲುಕೋ ಹಾಗೆ ಆಗ್ಲಿ. ಅಷ್ಟೇ."

ಮನೆಗೆ ಬಂದು ಕನ್ನಡಿ ಮುಂದೆ ಹತ್ತಾರು ಸಲ ಮಾಡಿ ನೋಡಿದೆ. ಎಷ್ಟು ಸರಿಯಾದ ಮಾತು! ತೀರ್ಥಕ್ಕೆ ಕೈ ಚಾಚಿದಾಗ ಅಂಗೈ ಮೇಲಕ್ಕೆ, ಮಣಿಕಟ್ಟು ಸ್ವಲ್ಪ ಒಳಕ್ಕೆ ಬಾಗಿ, ಕೈ ಪೂರ್ತಿ ಕೆಳಗಿರುತ್ತದೆ. ಚೆಂಡಿನ ಕೆಳಗೂ ಹಿಂದೂ ಕೈ ಹಾಗೆ ಇರಬೇಕು. ಕೈ ಕುಲುಕುವಾಗ ಹೆಬ್ಬೆರಳು ಮೇಲಕ್ಕೆ, ಅಂಗೈ ಎಡಕ್ಕೆ. ಒಂದರಿಂದ ಇನ್ನೊಂದಕ್ಕೆ ಕಾಲು ಸುತ್ತು ಮಾತ್ರ. ಅದಕ್ಕಿಂತ ಹೆಚ್ಚು ತಿರುಗಿದರೆ ಅಂಗೈ ನೆಲ ನೋಡುತ್ತದೆ. ಅದು ನನ್ನ ಹಳೆಯ ಬುಗುರಿ.

ಇದನ್ನೇ ಗಡಿಯಾರದ ಲೆಕ್ಕದಲ್ಲೂ ಹೇಳುತ್ತಾರೆ. ಚೆಂಡನ್ನು ಹಿಂದಿನಿಂದ ನೋಡಿದರೆ ಅದೊಂದು ಗಡಿಯಾರದ ಮುಖ. ಬೆರಳುಗಳು 6 ಗಂಟೆಯಿಂದ ಹೊರಟು, ಹೆಬ್ಬೆರಳು ಹೊರಬಂದ ಮೇಲೆ 5ಕ್ಕೋ 4ಕ್ಕೋ ಬಂದು ಬಿಡಬೇಕು. 3 ದಾಟಬಾರದು. 5ರಲ್ಲಿ ಬಿಟ್ಟರೆ ಚೆಂಡು ಬೇಗ ಉರುಳತೊಡಗಿ ಸಾವಕಾಶವಾಗಿ ತಿರುಗುತ್ತದೆ. 4ರಲ್ಲಿ ಬಿಟ್ಟರೆ ಜಾಸ್ತಿ ದೂರ ಜಾರಿ ಕೊನೆಯಲ್ಲಿ ಚೂಪಾಗಿ ತಿರುಗುತ್ತದೆ. ನನಗೆ 5 ಸಾಕು. ಅದು ಪ್ರತಿಸಲ ಒಂದೇ ಥರ ಬರುತ್ತದೆ.

ಇದನ್ನು ಕೈಗೆ ಕಲಿಸಿದ್ದು ತಾರಸಿಯ ಮೇಲೆ. ಅಕ್ಕನ ಮಗ ಚಿಕ್ಕವನಿದ್ದಾಗ ಆಡುತ್ತಿದ್ದ ಪುಟ್ಟ ಬ್ಯಾಸ್ಕೆಟ್‌ಬಾಲ್ ಇತ್ತು. ಅದರ ಸುತ್ತ ಮಾರ್ಕರ್‌ನಿಂದ ಕಪ್ಪು ಗೆರೆ ಎಳೆದೆ. ಕೆಳಗಿನಿಂದ ಹಿಡಿದು, ಒಂದು ಹೆಜ್ಜೆ ಇಟ್ಟು, ಗೋಡೆಯ ಕಡೆಗೆ ಉರುಳಿಸುವುದು. ಕೈ ಮೇಲಕ್ಕೆ ಹತ್ತಿದರೆ ಚೆಂಡು ಗಿರ್ರನೆ ಸುತ್ತಿ ನೇರ ಹೋಗುತ್ತದೆ. ಬೆರಳು ಹಿಂದಿನಿಂದ ಪಕ್ಕಕ್ಕೆ ಎಳೆದರೆ ಓರೆಯಾಗಿ ಉರುಳುತ್ತಾ ಎಡಕ್ಕೆ ಬಾಗುತ್ತದೆ. ಗೆರೆ ಓಲಾಡುವ ರೀತಿ ನೋಡಿಯೇ ಸರಿ ತಪ್ಪು ತಿಳಿಯುತ್ತದೆ. ದಿನಕ್ಕೆ ಐವತ್ತು ಸಲ. ಫೆಬ್ರವರಿಯ ಬಿಸಿಲಿಗೆ ಅಮ್ಮ ಸಂಡಿಗೆ ಹಾಕಿದ ದಿನಗಳಲ್ಲಿ ಮಾತ್ರ ತಾರಸಿ ಸಿಗಲಿಲ್ಲ.

ಸೆಂಟರ್‌ನಲ್ಲಿ ಮಾಡಿದ್ದು ಹೆಬ್ಬೆರಳಿಲ್ಲದ ಅಭ್ಯಾಸ. ಅಲ್ಲಿನ 8 ಪೌಂಡ್ ಚೆಂಡು ತೆಗೆದುಕೊಂಡು ಎರಡು ಬೆರಳು ಮಾತ್ರ ಒಳಗಿಟ್ಟು, ಹೆಬ್ಬೆರಳು ಹೊರಗೆ. ಫೌಲ್ ಗೆರೆಯ ಹತ್ತಿರ ನಿಂತು, ಕೈ ಸ್ವಲ್ಪವೇ ಹಿಂದಕ್ಕೆ ತಂದು, ಒಂದೇ ಹೆಜ್ಜೆ ಇಟ್ಟು ಬಿಡುವುದು. ಕೈ ಕೆಳಗಿಲ್ಲದಿದ್ದರೆ ಚೆಂಡು ಬಿದ್ದೇ ಹೋಗುತ್ತದೆ, ಹಾಗಾಗಿ ಮಣಿಕಟ್ಟು ತಾನಾಗಿ ಬಾಗಿಕೊಳ್ಳುತ್ತದೆ. ಬಾಯಿ ಮಾತಿನಲ್ಲಿ ಹೇಳಲಾಗದ್ದನ್ನು ಇದು ಹತ್ತು ಎಸೆತದಲ್ಲಿ ಹೇಳಿಕೊಟ್ಟಿತು. ಹೆಬ್ಬೆರಳು ಇಲ್ಲದಿರುವಾಗ ಬೆರಳುಗಳಿಗೆ ಏನು ಭಾರ ಬೀಳುತ್ತದೆ ಅನ್ನುವುದು ಒಮ್ಮೆ ಗೊತ್ತಾದರೆ, ಹೆಬ್ಬೆರಳು ಹಾಕಿ ಎಸೆದಾಗಲೂ ಕೈ ಅದನ್ನೇ ಹುಡುಕುತ್ತದೆ.

ನೋಡುತ್ತಿದ್ದ ಅಕ್ಕನ ಮಗ "ಹಾಗಾದ್ರೆ ಎರಡೂ ಕೈಯಲ್ಲೇ ಎಸೀರಿ ಮಾವ, ಬೆಲ್ಮಾಂಟೆ ಥರ" ಅಂದ. ಆಸ್ಟ್ರೇಲಿಯಾದ ಜೇಸನ್ ಬೆಲ್ಮಾಂಟೆ ಹೆಬ್ಬೆರಳನ್ನೇ ಹಾಕದೆ ಎರಡು ಕೈಯಲ್ಲಿ ಎಸೆದು ಅಮೆರಿಕದ ವೃತ್ತಿಪರ ಆಟದ 15 ದೊಡ್ಡ ಪ್ರಶಸ್ತಿ ಗೆದ್ದವರು. ಹುಡುಗರಿಗೆ ಅದೇ ಸರಿ ಅಂತ ನನಗೂ ಅನ್ನಿಸುತ್ತದೆ. ನನ್ನ ಬೆನ್ನಿಗೆ ಅಷ್ಟು ಬಾಗುವ ಶಕ್ತಿ ಇಲ್ಲ. ಹಾಗೆ ಕಲಿಯುವವರು ಒಂದು ವಿಷಯ ನೆನಪಿಡಬೇಕು. ಅಮೆರಿಕದ ಬೌಲಿಂಗ್ ಕಾಂಗ್ರೆಸ್‌ನ ನಿಯಮದಲ್ಲಿ 2020ರ ಆಗಸ್ಟ್‌ನಿಂದ, ಕೊರೆಸಿದ ತೂತನ್ನು ಎಸೆಯುವಾಗ ಬಳಸಲೇಬೇಕು. ಹೆಬ್ಬೆರಳು ಹಾಕುವುದಿಲ್ಲ ಅಂದರೆ ಆ ತೂತು ಕೊರೆಸಬೇಡಿ.

ನಡುವೆ ಒಂದು ವಾರ ಉಂಗುರಬೆರಳಿನ ತುದಿ ಊದಿತು. ಬೆರಳಿನಿಂದ ಬಲವಂತವಾಗಿ ಎತ್ತುತ್ತಿದ್ದೆ. ಎತ್ತಬಾರದು. ಕೈ ಗಡಿಯಾರದ ಲೋಲಕದ ಹಾಗೆ ತಾನೇ ಬೀಳಬೇಕು, ಬೆರಳು ಚೆಂಡಿಗೆ ಅಡ್ಡ ಸಿಕ್ಕರೆ ಸಾಕು. ವಾರ ಪೂರ್ತಿ ಬಿಟ್ಟೆ, ಇಳಿಯಿತು.

ಮಾರ್ಚ್

ನಾಲ್ಕು ಹೆಜ್ಜೆಯ ಪೂರ್ತಿ ಎಸೆತಕ್ಕೆ ಬಂದೆ. ಬಲದಿಂದ 10ನೇ ಪಟ್ಟಿಯ ಮೇಲಿರುವ ಎರಡನೇ ಬಾಣದ ಗುರುತು ನನ್ನ ಗುರಿ. ಪಿನ್ ಕಡೆ ನೋಡುವುದೇ ಇಲ್ಲ. ಲೇನ್‌ನಲ್ಲಿ ಮೊದಲ 40 ಅಡಿಯಷ್ಟು ಎಣ್ಣೆ, ಆಮೇಲೆ ಒಣ. ಬೆಳಿಗ್ಗೆ ಇದು ಲೆಕ್ಕದಂತೆ ನಡೆಯುತ್ತದೆ. ಒಂದು ಶನಿವಾರ ಸಂಜೆ ಆಡಿದಾಗ ಅದೇ ಎಸೆತ 1ನೇ ಪಿನ್ ದಾಟಿ ಎಡಕ್ಕೆ ಹೋಯಿತು. ಇಡೀ ದಿನ ಜನ ಆಡಿ ಹೊರಗಡೆಯ ಎಣ್ಣೆ ಸವೆದಿತ್ತು. ಬಿಡುಗಡೆ ಬದಲಿಸಲು ಹೋಗಲಿಲ್ಲ, ನಿಲ್ಲುವ ಜಾಗವನ್ನು ಮೂರು ಪಟ್ಟಿ ಎಡಕ್ಕೆ ಸರಿಸಿದೆ. ಮತ್ತೆ ಸಂದಿಗೆ ಬಂತು.

10ನೇ ಪಿನ್ ಒಂದೇ ಉಳಿದಾಗ ಹುಕ್ ಬೇಡ. ಅದಕ್ಕೆ ಸೆಂಟರ್‌ನ ಪಾಲಿಯೆಸ್ಟರ್ ಚೆಂಡು, ಮಣಿಕಟ್ಟು ನೇರ, ಬೆರಳು 6ರಲ್ಲೇ ಇಟ್ಟು ಎಡ ಮೂಲೆಯಿಂದ ಅಡ್ಡಕ್ಕೆ ಎಸೆಯುತ್ತೇನೆ. ತೀರ್ಥಕ್ಕೆ ಚಾಚಿದಂತೆ ಅಂಗೈ ಮೇಲಕ್ಕೇ ಇರಬೇಕು, ಕುಲುಕುವುದು ಬೇಡ.

ಕೊನೆಯ ಮಂಗಳವಾರದ ಅಳತೆ: ಒಂದು ಸುತ್ತಿಗೆ 68 ಫ್ರೇಮ್, ನಿಮಿಷಕ್ಕೆ 212. ಪಿನ್ ತಲುಪಲು 2.4 ಸೆಕೆಂಡ್, ಗಂಟೆಗೆ 27 ಕಿ.ಮೀ. ಚಿಲ್ಲರೆ. ಹಿಂಡುವುದು ನಿಂತಿದ್ದರಿಂದ ಕೈ ಸಾವಕಾಶವಾಯಿತು, ವೇಗ ತಾನೇ ಇಳಿಯಿತು. ದಾರಿಯಲ್ಲಿ ಎಂಟೂವರೆ ಸುತ್ತು. ಅಂದಿನ ಮೂರು ಆಟದಲ್ಲಿ 10ನೇ ಪಿನ್ ನಿಂತದ್ದು ಒಟ್ಟು ನಾಲ್ಕು ಸಲ, ಮೂರು ಸಲ ಹೊಡೆದೆ.

ಚೆಂಡು ವಾಪಸ್ ಬಂದಾಗ ಅಕ್ಕನ ಮಗ ಒರೆಸಲು ಬಿಡಲಿಲ್ಲ. ದೀಪದ ಕೆಳಗೆ ಹಿಡಿದು, ಚೀಲದಿಂದ ಅಳತೆ ಟೇಪ್ ತೆಗೆದು ಇಟ್ಟ. ಎಣ್ಣೆಯ ಉಂಗುರ ಈಗ ತಿಂಡಿ ತಟ್ಟೆಯಷ್ಟು ಅಗಲ ಇತ್ತು. ಹೆಬ್ಬೆರಳಿನ ತೂತಿನಿಂದ ಒಂದೂವರೆ ಇಂಚು. ಟೇಪಿನ ತುದಿಯಲ್ಲಿ ಎಣ್ಣೆ ಹತ್ತಿತ್ತು. ಅದನ್ನು ಪ್ಯಾಂಟಿಗೆ ಒರೆಸಿಕೊಂಡು "ಈ ಸಲ ನಾನು ಎಸೀತೀನಿ ಮಾವ, ನೀವು ವಿಡಿಯೋ ಹಿಡೀರಿ" ಅಂತ 10 ಪೌಂಡ್ ಚೆಂಡು ಎತ್ತಿಕೊಂಡ.